ಒಲೆಯ ಹಿಂದಿನ ಗೂಡು

ನಮ್ಮ ಕನ್ನಡ ಸಂಘದವರು ಅವರಿಗಾಗಿ ಒಂದು ಸಂತಾಪ ಸಭೆ ಮಾಡಿದರು. ಮೂವರು ಮಾತನಾಡಿದರು. ಮೂವರೂ ಅವರನ್ನು ಸಾಧು ಎಂದರು, ಮೃದು ಸ್ವಭಾವ ಎಂದರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ ಎಂದರು. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ಒಂದೂ ನಿಜವಲ್ಲ. ಹದಿನಾಲ್ಕು ವರ್ಷ ನನ್ನ ಹೋಟೆಲಿನಲ್ಲಿ ತಿಂದ ಮನುಷ್ಯ. ಎದುರಿಗಿದ್ದವರಲ್ಲಿ ಒಂದು ತಪ್ಪು ಹಿಡಿಯದೆ ಅವರಿಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಸಭೆ ಮುಗಿದ ಮೇಲೆ ಕಾರ್ಯದರ್ಶಿಯ ಹತ್ತಿರ ಇದನ್ನು ಹೇಳಿದೆ.

"ಹಾಗಾದ್ರೆ ನೀವೇ ಬರೆದುಕೊಡಿ ಅಮ್ಮ, ಸಂಚಿಕೆಗೆ ಹಾಕ್ತೇವೆ," ಎಂದ.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ದಿನಸಿ ಚೀಟಿಗಿಂತ ಉದ್ದದ್ದನ್ನು ಬರೆದವಳಲ್ಲ. ಆದರೂ ಬರೆಯುತ್ತಿದ್ದೇನೆ. ಹೇಳಬೇಕಾದದ್ದು ಒಂದಿದೆ, ಅದನ್ನು ಸಭೆಯಲ್ಲಿ ಎದ್ದು ನಿಂತು ಹೇಳಲು ನನ್ನಿಂದ ಆಗಲಿಲ್ಲ.

ಅವರ ಹೆಸರು ಹಾಕುವುದಿಲ್ಲ. ಹೆಸರು ಹಾಕಿದರೆ ಮುಂದೆ ಡಾಕ್ಟರ್ ಎಂದು ಹಾಕಬೇಕು, ಹಿಂದೆ ಡಿಗ್ರಿಗಳನ್ನು ಹಾಕಬೇಕು, ಆಮೇಲೆ ಅದು ಅವರ ಹಾಗೆ ಕಾಣುವುದಿಲ್ಲ. ನಾನು ಮಾಸ್ತರೆ ಎಂದು ಕರೆಯುತ್ತಿದ್ದೆ. ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಸರ್ಕಾರದ ಒಂದು ಲೋಹದ ಪ್ರಯೋಗಶಾಲೆಯಲ್ಲಿ ಕೆಲಸ. ಆದರೆ ಕಂಡಕಂಡವರಿಗೆಲ್ಲ ಪಾಠ ಹೇಳುತ್ತಿದ್ದುದರಿಂದ ಆ ಹೆಸರು ಬಂತು, ಅವರೂ ಬೇಡ ಎನ್ನಲಿಲ್ಲ.

ಬಂಗಾಳಿಗಳ ಈ ದೊಡ್ಡ ಊರಿನಲ್ಲಿ, ಸದರ್ನ್ ಅವೆನ್ಯೂವಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಸಣ್ಣ ಹೋಟೆಲು. ಆರು ಮೇಜು. ಗಂಡ ಹೋದ ಮೇಲೆ ನಾನೇ ನಡೆಸುತ್ತೇನೆ. ನನ್ನ ಜೊತೆಗೆ ಹರಿಪದ ಎಂಬ ಬಂಗಾಳಿ ಅಡಿಗೆಯವ, ನನಗಿಂತ ನಾಲ್ಕು ವರ್ಷ ಚಿಕ್ಕವ, ಇಡ್ಲಿ ಹಿಟ್ಟು ಉಕ್ಕಿದೆಯೋ ಇಲ್ಲವೋ ಎಂದು ಮೂಸಿಯೇ ಹೇಳುವವ. ಮಾಸ್ತರರ ಮನೆ ದೂರದ ಡಮ್ ಡಮ್‌ನಲ್ಲಿ. ಕೆಲಸದಲ್ಲಿದ್ದಾಗ ಭಾನುವಾರ ಮಾತ್ರ ಮೆಟ್ರೋ ಹತ್ತಿ ಬರುತ್ತಿದ್ದರು. ನಿವೃತ್ತರಾದ ಮೇಲೆ ದಿನವೂ.

ಮೊದಲ ದಿನ ಅವರು ಮಾಡಿದ್ದು ಹೇಳುತ್ತೇನೆ. ಇಡ್ಲಿ ತಟ್ಟೆ ಮುಂದಿಟ್ಟೆ. ತಿನ್ನಲಿಲ್ಲ. ಚಮಚದ ಅಂಚಿನಿಂದ ಇಡ್ಲಿಯನ್ನು ಸರಿಯಾಗಿ ಎರಡು ಹೋಳು ಮಾಡಿದರು. ಜೇಬಿನಿಂದ ಒಂದು ಪುಟ್ಟ ಟಾರ್ಚು ತೆಗೆದು ಹೋಳಿನ ಮೇಲೆ ಬೆಳಕು ಬಿಟ್ಟರು.

"ಅಕ್ಕಾರ, ಇಲ್ಲಿ ಬರ್ರಿ. ಅಂಚು ಬೆಂದೈತಿ, ನಡುವ ಹಸಿ ಐತಿ. ನೋಡ್ರಿ."

"ತಿನ್ಲಿಕ್ಕೆ ಬಂದದ್ದಾ ನೀವು, ಪರೀಕ್ಷೆ ಮಾಡ್ಲಿಕ್ಕಾ?"

"ಎರಡಕ್ಕೂ ಬಂದೀನ್ರಿ. ಬಟ್ಲಾ ಹೊಸಾವೇನು? ಆಳ ಭಾಳ ಆಗೇತಿ."

ಪಕ್ಕದ ಮೇಜಿನವರೆಲ್ಲ ತಮ್ಮ ತಮ್ಮ ಇಡ್ಲಿ ಒಡೆದು ನೋಡತೊಡಗಿದರು. ನನಗೆ ಎಷ್ಟು ಸಿಟ್ಟು ಬಂತು ಎಂದರೆ ತಟ್ಟೆ ತೆಗೆದುಕೊಂಡು ಒಳಗೆ ಹೋದೆ. ಆದರೆ ಆ ವಾರ ನಾನು ಆಳದ ಬಟ್ಟಲಿನ ಹೊಸ ಇಡ್ಲಿ ತಟ್ಟೆ ಕೊಂಡದ್ದು ಸತ್ಯ. ದೊಡ್ಡ ಇಡ್ಲಿಯಾದರೆ ಜನ ಮೆಚ್ಚುತ್ತಾರೆ ಎಂದುಕೊಂಡಿದ್ದೆ. ಎರಡು ನಿಮಿಷ ಹೆಚ್ಚು ಬೇಯಿಸುತ್ತಲೂ ಇದ್ದೆ.

ಮುಂದಿನ ಭಾನುವಾರ ಮತ್ತೆ ಬಂದರು. ನಾನು ಮುಖ ಕೊಡಲಿಲ್ಲ. ತಾವೇ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

"ಎರಡು ನಿಮಿಷ ಸಾಲೂದಿಲ್ರಿ ಅಕ್ಕಾರ. ದಪ್ಪ ಎರಡು ಪಟ್ಟು ಆದ್ರ ಟೈಮ್ ಎರಡು ಪಟ್ಟು ಅಲ್ಲ, ನಾಕು ಪಟ್ಟು. ಮೂರು ಪಟ್ಟು ದಪ್ಪ ಆದ್ರ ಒಂಬತ್ತು."

"ಯಾರು ಹೇಳಿದ್ದು?"

"ಯಾರು ಹೇಳೂದ್ರಿ, ಮಾಡಿ ನೋಡ್ರಿ. ಇಡ್ಲಿಗೆ ಬಿಸಿ ಹೋಗೂದೂ ಹಂಗ, ಮಾವಿನಕಾಯಿಗೆ ಉಪ್ಪು ಹೋಗೂದೂ ಹಂಗ."

ನಾನು ಯಾರ ಮಾತನ್ನೂ ಸುಮ್ಮನೆ ನಂಬುವವಳಲ್ಲ. ಮಾವಿನಕಾಯಿಯ ಕಾಲ ಬಂದಾಗ ಎರಡು ಜಾಡಿಯಲ್ಲಿ ಹೋಳು ಹಾಕಿದೆ. ಒಂದರಲ್ಲಿ ತೆಳ್ಳಗಿನದು, ಇನ್ನೊಂದರಲ್ಲಿ ಅದರ ಎರಡರಷ್ಟು ದಪ್ಪದ್ದು. ಉಪ್ಪು ಒಂದೇ, ಬಿಸಿಲು ಒಂದೇ. ತೆಳ್ಳಗಿನದಕ್ಕೆ ಎರಡು ದಿನದಲ್ಲಿ ಉಪ್ಪು ಹಿಡಿಯಿತು. ದಪ್ಪದ್ದನ್ನು ನಾಲ್ಕನೇ ದಿನ ಕಚ್ಚಿದೆ. ನಡುವೆ ಬರೀ ಹುಳಿ. ಎಂಟನೇ ದಿನ ಸರಿಯಾಯಿತು. ಐವತ್ತು ವರ್ಷ ಉಪ್ಪಿನಕಾಯಿ ಹಾಕಿದ ಕೈ ನನ್ನದು. ಕೈಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಅವರಿಗೆ ಹೇಳಿದೆ. ಅವರು ಜೇಬಿನಿಂದ ಬೆರಳುದ್ದದ ಪುಸ್ತಕ ತೆಗೆದರು. ಪೆನ್ನು ಅದಕ್ಕೇ ಸಿಕ್ಕಿಸಿರುತ್ತಿತ್ತು.

"ಎಂಟನೇ ದಿನಾನೋ, ಏಳನೇ ದಿನಾನ ಆಗಿತ್ತೋ?"

"ಏಳನೇ ದಿನವೇ ಆಗಿರಬಹುದು."

"ಇರಬಹುದು ಬ್ಯಾಡ್ರಿ. ಏಳನೇ ದಿನ ಕಡದು ನೋಡೀರೇನು?"

"ಇಲ್ಲ."

"ಹಂಗಾರ ಎಂಟು."

ಎಂಟು ಎಂದು ಬರೆದುಕೊಂಡರು. ನಾನು ಹೇಳಿದ್ದನ್ನು ಒಬ್ಬರು ಬರೆದುಕೊಂಡದ್ದು ಅದೇ ಮೊದಲು.

ಇದೊಂದು ಅವರ ಹಟ. ಅಂದಾಜಿನ ಮಾತಿಗೆ ಅವರ ಪೆನ್ನು ಮೇಲೇಳುತ್ತಿರಲಿಲ್ಲ. ಎದುರಿನವರು 'ಬಹುಶಃ' ಎಂದರೆ ಪುಸ್ತಕ ಮುಚ್ಚಿ ಅದರ ಮೇಲೆ ಅಂಗೈ ಇಡುತ್ತಿದ್ದರು. ಬೈಯುತ್ತಿರಲಿಲ್ಲ, ಮುಂದೆ ಕೇಳುತ್ತಲೂ ಇರಲಿಲ್ಲ. ನನಗೆ ಆ ಅಂಗೈ ಕಂಡರೆ ಮೈ ಉರಿಯುತ್ತಿತ್ತು. ಬರಬರುತ್ತಾ ನಾನು ಅವರೆದುರು ನೋಡಿದ್ದನ್ನಷ್ಟೇ ಹೇಳುವುದು ಕಲಿತೆ.

ಬೇರೆಯವರಿಗೆ ಅವರ ಜೊತೆ ಏಗುವುದು ಕಷ್ಟವಾಗಿತ್ತು. ಸಂಘದ ಯುಗಾದಿ ಊಟದಲ್ಲಿ ರಸಗುಲ್ಲ ಬಡಿಸಿದರೆ ಮೊದಲು ಕತ್ತರಿಸಿ ಪಾಕ ಎಷ್ಟು ದೂರ ಹೋಗಿದೆ ಎಂದು ನೋಡಿ ಆಮೇಲೆ ಬಾಯಿಗೆ ಹಾಕುವರು. ಯಾರದೋ ಮನೆಯಲ್ಲಿ ಎಣ್ಣೆಗಾಯಿ ಬಡಿಸಿದಾಗ ಆ ಮನೆಯಾಕೆಗೆ, "ಸೀಳು ತೊಗಲಿನ ಮಟ್ಟ ಬಂದು ನಿಂತೈತ್ರಿ, ಮಸಾಲಿ ಒಳಗ ಹೆಂಗ ಹೋಗಬೇಕು?" ಎಂದಿದ್ದರು. ಆಕೆ ಮತ್ತೆ ಕರೆಯಲಿಲ್ಲ. ಮಾಸ್ತರರಿಗೆ ಮದುವೆ ಆಗಿರಲಿಲ್ಲ. ಯಾಕೆ ಎಂದು ಒಂದು ಸಲ ಕೇಳಿದೆ. "ಹುಡಿಗಿ ನೋಡಾಕ ಹೋಗಿದ್ದೆ. ಉಪ್ಪಿಟ್ಟಿನ ಬಗ್ಗೆ ಮಾತಾಡಿದೆ," ಎಂದರು. ಅಷ್ಟೇ.

ನಾವಿಬ್ಬರೂ ಹೊಂದಿಕೊಂಡೆವು. ಯಾಕೆಂದರೆ ನನ್ನ ಬಾಯಿಯೂ ಹಾಗೆಯೇ. ಗಲ್ಲಿಯ ಜನ ನಮ್ಮ ಬಗ್ಗೆ ಆಡಿಕೊಂಡರು. ಆಡಿಕೊಳ್ಳಲಿ. ಮೊಣಕಾಲು ಹಿಡಿದುಕೊಂಡು ಏಳುವ ಇಬ್ಬರ ಬಗ್ಗೆ ಆಡಿಕೊಳ್ಳುವವರಿಗೆ ಬೇರೆ ಕೆಲಸವಿಲ್ಲ ಎಂದು ಅರ್ಥ.

ಅವರ ಕೆಲಸ ಏನು ಎಂದು ನನಗೆ ಅರ್ಥವಾದದ್ದು ಲೋಕಲ್ ರೈಲಿನ ಮಾತಿನಿಂದ. ಎರಡು ಲೋಹವನ್ನು ಕರಗಿಸದೆ, ಬೆಸುಗೆ ಹಾಕದೆ, ಬರೀ ಒತ್ತಿ ಹಿಡಿದು ಬೆಚ್ಚಗೆ ಇಟ್ಟರೆ ಇದು ಅದರೊಳಗೆ ಹೋಗುತ್ತದಂತೆ, ಅದು ಇದರೊಳಗೆ ಬರುತ್ತದಂತೆ. ಕೊನೆಗೆ ಎರಡೂ ಒಂದಾಗಿ ಕೂರುತ್ತವಂತೆ. ನಾನು ನಕ್ಕೆ.

"ಗಟ್ಟಿ ವಸ್ತು ಗಟ್ಟಿ ವಸ್ತುವಿನೊಳಗೆ ಹೋಗುದುಂಟಾ ಮಾಸ್ತರೆ? ಮಾವಿನಕಾಯಲ್ಲಾದರೆ ನೀರು ಬಿಡ್ತದೆ, ಉಪ್ಪು ಕರಗಿ ಹೋಗ್ತದೆ."

"ಅಲ್ಲೇ ಐತಿ ನೋಡ್ರಿ ಕಷ್ಟ. ನನ್ನ ಲೋಹದಾಗ ನೀರಿಲ್ಲ." ಸಂತೋಷವಾದಾಗ ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿಯುತ್ತಿದ್ದರು. ಆಗ ಹಿಡಿದರು. "ಡಮ್ ಡಮ್‌ದಾಗ ಆಫೀಸ್ ಟೈಮಿಗೆ ಲೋಕಲ್ ಹತ್ತೀರೇನು? ಬೆರಳು ಅಲ್ಲಾಡಿಸಾಕ ಜಾಗಾ ಇರೂದಿಲ್ಲ. ಆದ್ರ ಒಬ್ಬಾಂವ ಇಳದಾ ಅನ್ರಿ. ಆ ಖಾಲಿ ಜಾಗಾಕ್ಕ ಬಾಜೂದವಾ ಸರೀತಾನ. ಅವನ ಜಾಗಾಕ್ಕ ಇನ್ನೊಬ್ಬ. ರೈಲು ಕುಲುಕಿದಂಗೆಲ್ಲ ಸರೀತಾರ. ಬಾಗಲದಾಗ ನಿಂತಾಂವ ಹೋಗ್ತ ಹೋಗ್ತ ಕಿಡಿಕಿ ಹತ್ರ ಇರತಾನ. ಬಿಸಿ ಅಂದ್ರ ಆ ಕುಲುಕಾಟ. ಹೆಚ್ಚು ಬಿಸಿ ಆದಷ್ಟು ಹೆಚ್ಚು ಕುಲುಕತೈತಿ."

ಅದು ನನಗೆ ತಿಳಿಯಿತು. ಇನ್ನೊಂದು ಮಾತನ್ನು ಹೋಟೆಲಿನ ಎದುರು ನಿಲ್ಲಿಸಿದ್ದ ಹಳೇ ಸ್ಕೂಟರನ್ನು ತೋರಿಸಿ ಹೇಳಿದರು. ಅದರ ಇಂಜಿನ್ನಿನ ಸುತ್ತ ಬಾಚಣಿಗೆಯ ಹಲ್ಲಿನ ಹಾಗೆ ತಗಡುಗಳಿರುತ್ತವಲ್ಲ, ಅವು ಬಿಸಿ ಬೇಗ ಹೊರಗೆ ಹೋಗಲಿ ಎಂದು. ಮೈ ಹೆಚ್ಚಾದಷ್ಟು ದಾರಿ ಹೆಚ್ಚು. ಬಿಸಿಗೆ ಆ ಉಪಾಯ ಆಗುವುದಾದರೆ ಲೋಹಕ್ಕೂ ಆಗಬೇಕು, ಎರಡರ ಲೆಕ್ಕವೂ ಒಂದೇ, ಎಂದು ಅವರ ವಾದ. ಒಂದು ಲೋಹದ ಮುಖಕ್ಕೆ ಹಲ್ಲು ಕೊರೆದು, ಇನ್ನೊಂದನ್ನು ಆ ಹಲ್ಲುಗಳಿಗೆ ಕಚ್ಚಿಸಿ ಕೂರಿಸಿದರೆ ದೊಡ್ಡ ಕುಲುಮೆಯ ಬಿಸಿಯೇ ಬೇಡ. ಹೆಚ್ಚು ಬಿಸಿ ತಡೆಯದ ಸೂಕ್ಷ್ಮ ವಸ್ತುಗಳನ್ನೂ ಕೂಡಿಸಬಹುದು. ಸಣ್ಣ ಬಿಸಿ ಸಾಕು, ಬಿಡದೆ ಇರಬೇಕು.

ಬದನೆಕಾಯಿಗೆ ಸೀಳು ಹಾಕುವುದು ಎಂದು ನಾನು ಅರ್ಥ ಮಾಡಿಕೊಂಡೆ. "ಹೌದ್ ನೋಡ್ರಿ!" ಎಂದು ಮೇಜು ಕುಟ್ಟಿದರು.

ಅವರ ಪ್ರಯೋಗಶಾಲೆಯಲ್ಲಿ ಮೇಲಿನವರು ಇದನ್ನು ಒಪ್ಪಲಿಲ್ಲ. ಎರಡು ಸಲ ಬರೆದುಕೊಟ್ಟರಂತೆ, ಎರಡು ಸಲವೂ ವಾಪಸು ಬಂತಂತೆ. ಅಷ್ಟರಲ್ಲಿ ನಿವೃತ್ತಿ ಆಯಿತು. ಬೀಳ್ಕೊಡುವಾಗ ಜೊತೆಯವರು ಒಂದು ಸಣ್ಣ ಚಿನ್ನದ ನಾಣ್ಯ ಕೊಟ್ಟರು. ಅದನ್ನು ಅವರು ಪೆಟ್ಟಿಗೆಯಲ್ಲಿಡಲಿಲ್ಲ. ಬೌಬಜಾರಿನ ಅಕ್ಕಸಾಲಿಗನ ಹತ್ತಿರ ಕೊಟ್ಟು ಬಿಲ್ಲೆ ಮಾಡಿಸಿ, ಒಂದು ಮುಖಕ್ಕೆ ಕೂದಲೆಳೆಯಂಥ ಗೀಟು ಕೊರೆಸಿದರು. ಅದಕ್ಕೆ ಸರಿಯಾಗಿ ಸೀಸದ ಒಂದು ಬಿಲ್ಲೆ. ಎರಡನ್ನೂ ಎದುರುಬದುರು ಒತ್ತಿ, ತಿರುಪು ಬಿಗಿಯುವ ಕಬ್ಬಿಣದ ಒಂದು ಪುಟ್ಟ ಹಿಡಿಕೆಯಲ್ಲಿ ಸಿಕ್ಕಿಸಿ, ಕರವಸ್ತ್ರದಲ್ಲಿ ಸುತ್ತಿ ನನ್ನಲ್ಲಿಗೆ ತಂದರು.

ನನ್ನ ಇಡ್ಲಿ ಒಲೆಯ ಹಿಂದಿನ ಗೋಡೆಯಲ್ಲಿ ಒಂದು ಗೂಡಿದೆ. ಹಿಂದೆ ಯಾರೋ ದೀಪಕ್ಕೆಂದು ಬಿಟ್ಟದ್ದು. ಬೆಳಗಿನಿಂದ ರಾತ್ರಿಯವರೆಗೆ ಅಲ್ಲಿ ಕೈ ಇಟ್ಟರೆ ಚುರ್ ಎನ್ನುತ್ತದೆ. ನಾನು ಅಲ್ಲಿ ಸೌಟು, ಚಿಮಟ, ತುರಿಮಣೆಯ ಹಲ್ಲು ಇಂಥವನ್ನು ಇಡುತ್ತೇನೆ, ತೇವ ಆರುತ್ತದೆ.

"ಚಿನ್ನ, ಸೀಸ ಒತ್ತಿ ಇಟ್ರ ವರ್ಷಾನಗಟ್ಲೆ ಆದಮ್ಯಾಲ ತಾವಾಗೇ ಕೂಡ್ತಾವ್ರಿ, ಅದು ಹಳೇ ಸಂಗತಿ. ಬೇಗ ಕೂಡಿಸೂದು ನನ್ನ ಕೆಲಸ. ಎರಡು ವರ್ಷ ನಿಮ್ಮ ಗೂಡಿನಾಗ ಇರ್ಲಿ. ಹಲ್ಲು ಇಲ್ದಿದ್ರ ಅಷ್ಟ್ರಾಗ ಒಂದಕ್ಕೊಂದು ಗಟ್ಟಿ ಹತ್ತೂದಿಲ್ಲ. ಹತ್ತಿದ್ರ ನಂದು ಖರೆ."

"ನಿಮ್ಮ ಆಫೀಸಿನಲ್ಲಿ ಬಿಸಿ ಇಲ್ವಾ?"

"ನನ್ನ ಒಳಗ ಬಿಡೂದಿಲ್ರಿ ಈಗ."

ಇದನ್ನು ಹೇಳುವಾಗ ಅವರು ನನ್ನನ್ನು ನೋಡಲಿಲ್ಲ, ಒಲೆಯನ್ನು ನೋಡಿದರು.

ಆ ದಿನದಿಂದ ದಿನವೂ ಬೆಳಿಗ್ಗೆ ಅದೇ ಪ್ರಶ್ನೆ. "ನಿನ್ನೆ ಒಲಿ ಎಷ್ಟಕ್ಕ ಹಚ್ಚಿದ್ರಿ? ಎಷ್ಟಕ್ಕ ಆರಿಸಿದ್ರಿ?" ಸೋಮವಾರ ನಮಗೆ ರಜೆ. ಸೋಮವಾರ ಒಲೆ ತಣ್ಣಗೆ ಎಂದು ಬರೆದುಕೊಳ್ಳುವರು. ನನಗೆ ಗಡಿಯಾರ ನೋಡುವ ಅಭ್ಯಾಸವಿರಲಿಲ್ಲ. ಅವರಿಗಾಗಿ ಒಲೆಯ ಎದುರು ಒಂದು ಗಡಿಯಾರ ಹಾಕಿಸಿದೆ.

ನನ್ನನ್ನು ಬಂಗಾಳಿಯಲ್ಲಿ ಚಿಕ್ಕಮ್ಮ ಎನ್ನುವ ಹರಿಪದ ಕೇಳುತ್ತಿದ್ದ, "ಮಾಶಿಮಾ, ಅದು ಮೊಟ್ಟೆಯಾ? ಮರಿ ಯಾವಾಗ?"

ಒಂದು ಅಪಾಯವನ್ನು ಅವರು ಮೊದಲೇ ಊಹಿಸಿದ್ದರು. ನಮ್ಮ ಕಡೆಯ ಹೋಟೆಲಿನವರು ಮಹಾನವಮಿಗೆ ಅಡಿಗೆಮನೆಯ ಕಬ್ಬಿಣವನ್ನೆಲ್ಲ ತೊಳೆದು, ಬೆಳಗಿ, ಕುಂಕುಮ ಹಚ್ಚಿ ಆಯುಧಪೂಜೆ ಮಾಡುತ್ತೇವೆ. ಒಂದು ಮೊಳೆಯನ್ನೂ ಬಿಡುವುದಿಲ್ಲ. ಮೊದಲ ವರ್ಷದ ನವಮಿಗೆ ಬೆಳಗಿನ ಮೊದಲ ಮೆಟ್ರೋಗೇ ಬಂದರು. ದುರ್ಗಾಪೂಜೆಯ ಜನಜಂಗುಳಿಯಲ್ಲಿ ಅಂಗಿಯ ಗುಂಡಿ ಕಿತ್ತುಹೋಗಿತ್ತು. ಗೂಡಿನ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ನಾನು ತೊಳೆದು ಮುಗಿಸುವವರೆಗೂ ಏಳಲಿಲ್ಲ.

"ಇದಕ್ಕ ನಾನ ಹಚ್ಚತೀನಿ," ಎಂದು ಕುಂಕುಮದ ಬಟ್ಟಲು ತೆಗೆದುಕೊಂಡು ತಿರುಪಿನ ತಲೆಯ ಮೇಲೆ ಒಂದು ಬೊಟ್ಟಿಟ್ಟರು. ದೇವರಿಗೆ ಕೈ ಮುಗಿದದ್ದನ್ನು ನಾನು ನೋಡಿರದ ಮನುಷ್ಯ, ಅದಕ್ಕೆ ಕೈ ಮುಗಿದರು.

ಎರಡನೇ ವರ್ಷ ಹೀಗಾಯಿತು. ಇಲ್ಲಿ ನವಮಿಯ ದಿನ ಪೆಂಡಾಲ್ ನೋಡಲು ಬಂದ ಜನ ಹೋಟೆಲಿನ ಮೇಲೆ ಬಂದು ಬೀಳುತ್ತಾರೆ. ಅಂದು ಪಾತ್ರೆ ಕೆಳಗಿಳಿಸಿ ಪೂಜೆ ಮಾಡುವುದು ನನ್ನ ವಯಸ್ಸಿಗೆ ಆಗುತ್ತಿರಲಿಲ್ಲ. ಬಂಗಾಳಿಗಳು ಅದಕ್ಕೆ ಮುಂಚೆ ಭಾದ್ರ ಮಾಸದ ಕೊನೆಗೆ ವಿಶ್ವಕರ್ಮ ಪೂಜೆ ಮಾಡುತ್ತಾರೆ, ಯಂತ್ರಗಳಿಗೆ, ಉಪಕರಣಗಳಿಗೆ. "ಅಂದೇ ಮಾಡಿಬಿಡಿ ಮಾಶಿಮಾ, ಕಬ್ಬಿಣಕ್ಕೆ ಎರಡೆರಡು ಸಲ ಪೂಜೆ ಯಾಕೆ?" ಎಂದ ಹರಿಪದ. ಸರಿ ಎಂದೆ. ಮಾಸ್ತರರಿಗೆ ಆ ವಾರ ಜ್ವರ, ಬರುತ್ತಿರಲಿಲ್ಲ. ಫೋನು ಮಾಡಿ ಹೇಳಬಹುದಿತ್ತು. ಹೊಳೆಯಲಿಲ್ಲ. ಅವರು ಕಾಯುತ್ತಿದ್ದದ್ದು ನವಮಿಗೆ.

ಗೂಡಿನ ಗೋಡೆಗೆ ಜಿಡ್ಡು ಹಿಡಿದಿತ್ತು. ಸುಣ್ಣ ಬಳಿಯೋಣ ಎಂದು ಹರಿಪದ ಗೂಡಿನಲ್ಲಿದ್ದದ್ದನ್ನೆಲ್ಲ ಬಾಚಿ ಬೋಗುಣಿಗೆ ಹಾಕಿ ನನ್ನ ಮುಂದಿಟ್ಟ. ನಾನು ಹಿತ್ತಿಲ ನಲ್ಲಿಯ ಹತ್ತಿರ ಕೂತು ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಉಜ್ಜತೊಡಗಿದೆ. ಮೇಲೆ ಆಕಾಶದ ತುಂಬ ಗಾಳಿಪಟ, ಮಾಳಿಗೆಗಳ ಮೇಲಿಂದ ಕೂಗಾಟ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ತಿರುಪು ಇರುವುದನ್ನು ಕಂಡರೆ ಬಿಚ್ಚಿಯೇ ತೊಳೆಯುವುದು, ಚಕ್ಕುಲಿ ಒರಳಾಗಲಿ ತುರಿಮಣೆಯಾಗಲಿ. ಇಲ್ಲದಿದ್ದರೆ ಒಳಗೆ ಮಸಿ ನಿಲ್ಲುತ್ತದೆ. ಅದೂ ಮಸಿ, ಎಣ್ಣೆ ಕಟ್ಟಿ ಉಳಿದವುಗಳ ಹಾಗೆಯೇ ಕಪ್ಪಗಿತ್ತು.

ನಾರಿನ ಕೆಳಗೆ ಹಳದಿ ಹೊಳೆಯಿತು. ಆಗ ಗೊತ್ತಾಯಿತು.

ಬಿಲ್ಲೆಗಳೆರಡೂ ಬೇರೆ ಬೇರೆ, ಹುಣಸೆ ನೀರಿನಲ್ಲಿ. ಚಿನ್ನದ ಗೀಟುಗಳೊಳಗೆಲ್ಲ ಬೂದಿ. ಆಮೇಲೆ ಎರಡನ್ನೂ ತೊಳೆದು, ಒರೆಸಿ, ಮೊದಲಿದ್ದ ಹಾಗೆ ಹಿಡಿಕೆಯಲ್ಲಿಟ್ಟು ಬಲವಾಗಿ ಬಿಗಿದೆ. ಒಲೆಯ ಮಸಿ ತೆಗೆದು ಮೇಲೆಲ್ಲ ಸವರಿದೆ. ಗೂಡಿನಲ್ಲಿಟ್ಟೆ. ತಿರುಪಿಗೆ ಕುಂಕುಮವಿಟ್ಟೆ. ಹರಿಪದನಿಗೂ ಹೇಳಲಿಲ್ಲ.

ಜ್ವರ ಬಿಟ್ಟು ಬಂದ ದಿನ ಅವರು ಕೇಳಿದರು, "ಒಲಿ ಹೆಂಗಿತ್ರಿ ಈ ವಾರ?" ಹಚ್ಚಿದ ಹೊತ್ತು, ಆರಿಸಿದ ಹೊತ್ತು ಆರು ದಿನದ್ದೂ ಹೇಳಿದೆ. ಗಡಿಯಾರ ನೋಡಿದ್ದೆ, ಅದೆಲ್ಲ ನಿಜವೇ. ಬರೆದುಕೊಂಡರು. ನವಮಿಗೆ ಬಂದು ಸ್ಟೂಲು ಹಾಕಿ ಕೂತರು. ಪೂಜೆ ಆಗಲೇ ಆಗಿದೆ ಎಂದೆ. "ಇದನ್ನ ಮುಟ್ಟಿಲ್ಲಲ್ರಿ?" ಎಂದರು. ಗಿರಾಕಿ ಕೂಗಿದ ಎಂದು ಹೊರಗೆ ಹೋದೆ. ಯಾರೂ ಕೂಗಿರಲಿಲ್ಲ.

ಜನವರಿಗೆ ಎರಡು ವರ್ಷ ತುಂಬಿತು. ಒಂದು ಸೋಮವಾರ ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಸೀಸಕ್ಕೆ ಕೊಕ್ಕೆ ಹಾಕಿ ಭಾರ ತೂಗುಬಿಟ್ಟು ಎಷ್ಟು ತಡೆಯುತ್ತದೆ ನೋಡಬೇಕು ಎಂದು ನನ್ನ ತಕ್ಕಡಿಯ ಬಟ್ಟುಗಳನ್ನು ಕೇಳಿ ತೆಗೆಸಿ ಸಾಲಾಗಿ ಇಟ್ಟುಕೊಂಡರು. ತಿರುಪು ಸಡಿಲಿಸಿದರು. ಬಿಲ್ಲೆಗಳು ಅವರ ಅಂಗೈ ಮೇಲೆ ಎರಡಾಗಿ ಬಿದ್ದವು. ಭಾರದ ಅಗತ್ಯವೇ ಬರಲಿಲ್ಲ.

ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಇಲ್ಲೇನೋ ಬ್ಯಾರೆ ಗೀರು ಅದಾವಲ್ರಿ," ಎಂದು ತಲೆ ಎತ್ತಿ ನನ್ನನ್ನು ನೋಡಿದರು.

ಅಂದು ರಜೆ, ಒಲೆ ಹಚ್ಚಿರಲಿಲ್ಲ, ಮಗುಚಿ ಹಾಕಲು ದೋಸೆಯೂ ಇರಲಿಲ್ಲ. ನಾನು ಬಟ್ಟುಗಳನ್ನು ಎತ್ತಿ ಡಬ್ಬಿಗೆ ಹಾಕತೊಡಗಿದೆ. ಆಗ ಹೇಳಬೇಕಿತ್ತು. ಒಬ್ಬರ ಮುಖಕ್ಕೆ ಹೊಡೆದ ಹಾಗೆ ಮಾತನಾಡುವವಳು ಎಂದು ನನ್ನನ್ನು ಊರೆಲ್ಲ ಅನ್ನುತ್ತದೆ. ಬೇರೆಯವರ ತಪ್ಪಿಗೆ ಆ ಬಾಯಿ. ನನ್ನ ತಪ್ಪಿಗೆ ಬಾಯಿ ಬರಲಿಲ್ಲ.

"ಹತ್ತಿಲ್ಲ," ಎಂದರು. "ನಂದ ತಪ್ಪಿತ್ತು."

ಪ್ರಯೋಗಶಾಲೆಯಲ್ಲಿ ಒಬ್ಬ ಎಳೆಯ ವಿಜ್ಞಾನಿ ಇದ್ದನಂತೆ, ಅವರ ಮಾತು ನಂಬಿದ ಒಬ್ಬನೇ ಒಬ್ಬ. ಇದು ಹತ್ತಿದರೆ ತಾನು ದೊಡ್ಡದಾಗಿ ಮಾಡುತ್ತೇನೆ ಎಂದು ಕಾದಿದ್ದನಂತೆ. ನನ್ನ ಮೇಜಿನ ಮೇಲೆಯೇ ಕೂತು ಅವನಿಗೆ ಕಾಗದ ಬರೆದರು, ನಾನು ಹೇಳಿದ್ದು ಸುಳ್ಳಾಯಿತು, ನೀನು ಬೇರೆ ಕೆಲಸ ಹಿಡಿ ಎಂದು. ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಕೇಳಿದೆ. ಸಣ್ಣ ಸ್ಟೌ ಮೇಲೆ ಕಾಫಿ ಕಾಸಿ ಕೊಟ್ಟೆ. ಅವರು ಕುಡಿದರು, ಏನೂ ತಪ್ಪು ಹಿಡಿಯಲಿಲ್ಲ.

ಅದಾದ ಮೇಲೆ ಎರಡು ವರ್ಷ ದಿನವೂ ಬಂದರು. ಇಡ್ಲಿ ಒಡೆದು ನೋಡುವುದು ನಿಂತಿತು. ಇಟ್ಟದ್ದನ್ನು ತಿಂದು ಹೋಗುತ್ತಿದ್ದರು. ಒಲೆಯ ಹೊತ್ತು ಕೇಳುತ್ತಿರಲಿಲ್ಲ. ಗಡಿಯಾರ ಮಾತ್ರ ಎದುರಿಗೇ ಇತ್ತು. ನಾನು ಅಭ್ಯಾಸಕ್ಕೆ ನೋಡುತ್ತಿದ್ದೆ, ಹೇಳಲು ಯಾರೂ ಇರಲಿಲ್ಲ. ಸಂಘದವರು ಅವರನ್ನು ಸಾಧು ಎಂದು ಕಂಡದ್ದು ಈ ಎರಡು ವರ್ಷದಲ್ಲಿ. ಅದು ಸಾಧುತನವಲ್ಲ.

ದಿನವೂ ಹೇಳಬೇಕು ಎಂದುಕೊಳ್ಳುವುದು. ಮೊದಲ ವಾರ ಹೇಳಿದ್ದರೆ ಒಂದು ಬೈಗುಳಕ್ಕೆ ಮುಗಿಯುತ್ತಿತ್ತು. ತಿಂಗಳಾದ ಮೇಲೆ ಅದು ದಪ್ಪವಾಯಿತು. ವರ್ಷವಾದ ಮೇಲೆ ಇನ್ನೂ ದಪ್ಪ. ಮಾವಿನ ಹೋಳಿನ ಲೆಕ್ಕ ಇದಕ್ಕೂ ಇದೆ ಎಂದು ಅವರು ಹೇಳಿರಲಿಲ್ಲ.

ಆಮೇಲೆ ಅವರು ಬರುವುದು ನಿಂತಿತು. ಶ್ವಾಸಕೋಶದ ಕಾಯಿಲೆ. ಡಾಕ್ಟರರು ಮನೆಗೆ ಕಳಿಸಿಬಿಟ್ಟಿದ್ದರು. ಒಂದು ಸೋಮವಾರ ಮನೆಯಲ್ಲೇ ಇಡ್ಲಿ ಮಾಡಿ ಕಟ್ಟಿಕೊಂಡು ಡಮ್ ಡಮ್‌ಗೆ ಹೋದೆ. ನಾನು ಹೋದ ಒಂಬತ್ತನೇ ದಿನ ಅವರು ತೀರಿಕೊಂಡರು. ಅದಕ್ಕೆ ಅಂದಿನದನ್ನು ನೆನಪಿದ್ದಷ್ಟು ಸರಿಯಾಗಿ ಬರೆಯುತ್ತೇನೆ.

ಎರಡನೇ ಮಹಡಿಯ ಒಂದು ಕೋಣೆ. ನೋಡಿಕೊಳ್ಳುವ ಆಯಾ ಬಾಗಿಲು ತೆಗೆದು, ಚಹಾ ಮಾಡಲು ಒಳಗೆ ಹೋದಳು. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಅಂಗಿಯೊಳಗೆ ಮನುಷ್ಯ ಅರ್ಧವಾಗಿದ್ದರು. ಪಕ್ಕದಲ್ಲಿ ಕನ್ನಡಕ, ನೀರಿನ ಲೋಟ, ಅದೇ ಬೆರಳುದ್ದದ ಪುಸ್ತಕ, ಅದಕ್ಕೆ ಸಿಕ್ಕಿಸಿದ ಪೆನ್ನು.

"ಅಕ್ಕಾರ, ಇವತ್ತ ಒಲಿ ತಣ್ಣಗ," ಎಂದರು. ಸೋಮವಾರ ಎಂಬುದು ನೆನಪಿತ್ತು.

ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದೆ. ಕೂತರೆ ಹೇಳಲಾಗುತ್ತಿರಲಿಲ್ಲ. ವಿಶ್ವಕರ್ಮ ಪೂಜೆ, ಬೋಗುಣಿ, ಹುಣಸೆಹಣ್ಣು, ಹಳದಿ ಹೊಳೆದದ್ದು, ಮತ್ತೆ ಬಿಗಿದಿಟ್ಟದ್ದು, ಮಸಿ ಸವರಿದ್ದು. ಎಲ್ಲ ಹೇಳಿದೆ. ಒಂದನ್ನೂ ಬಿಡಲಿಲ್ಲ.

ಬೈಯಲಿ ಎಂದು ಕಾದೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡರು. ಉಸಿರು ಎಳೆದುಕೊಂಡು ಎಳೆದುಕೊಂಡು ಕೇಳಿದರು:

"ಬಿಚ್ಚಿದಾಗ ಎರಡೂ ತಾವಾಗೇ ಬಿಟ್ಟು ಬಂದ್ವೋ, ಚಾಕು ಹಾಕಿ ಎಬ್ಬಿಸಬೇಕಾತೋ?"

ಅಷ್ಟೇ ಕೇಳಿದ್ದು. ಅವರಿಗೆ ಬೇಕಾದದ್ದು ಅದೊಂದೇ. ಚಾಕು ಹಾಕಿದ್ದರೆ ಹತ್ತಿತ್ತು ಎಂದು ಅರ್ಥ. ತಾವಾಗಿ ಬಂದಿದ್ದರೆ ಇಲ್ಲ.

ನನಗೆ ನೆನಪಿಲ್ಲ.

ಇದು ಸತ್ಯ. ಆ ಬೆಳಗಿನ ಗಾಳಿಪಟ ನೆನಪಿದೆ, ಹರಿಪದ ಸುಣ್ಣ ಕಲಸಿದ್ದು ನೆನಪಿದೆ, ಹುಣಸೆ ನೀರು ಉಗುರಿನ ಸಂದಿಗೆ ಉರಿದದ್ದು ನೆನಪಿದೆ. ಮಸಿ ಕೆರೆಯಲು ಪಕ್ಕದಲ್ಲಿ ಚಾಕು ಇತ್ತು. ತಿರುಪು ತಿರುಗಿಸಿದ್ದು ಕೈಗೆ ಗೊತ್ತು. ಅದರ ಮುಂದಿನದು, ಹಳದಿ ಕಾಣುವವರೆಗೆ, ಖಾಲಿ. ಐವತ್ತು ವರ್ಷದಿಂದ ಉಜ್ಜುತ್ತಾ ಬಂದವಳಿಗೆ ಯಾವ ಪಾತ್ರೆಗೆ ಚಾಕು ಹಾಕಿದೆ, ಯಾವುದಕ್ಕೆ ಹಾಕಲಿಲ್ಲ ಎಂದು ಹೇಗೆ ನೆನಪಿರಬೇಕು?

ಬೇರೆ ಯಾವ ದಿನವಾದರೂ 'ನೋಡಿಲ್ಲ' ಎನ್ನುತ್ತಿದ್ದೆ. ಅವರೇ ಕಲಿಸಿದ್ದು.

ಅವರು ದಿಂಬು ಬಿಟ್ಟು ಮುಂದೆ ಬಾಗಿದ್ದರು. ಕತ್ತಿನ ನರ ಹಾರುತ್ತಿತ್ತು.

"ಚಾಕು ಹಾಕಿದೆ," ಎಂದೆ.

"ಒಂದ ಸಲ ಹಾಕಿದ್ರೇನು?"

"ಎರಡು ಸಲ. ಬರ್ಲೇ ಇಲ್ಲ ಮಾರಾಯ್ರೆ. ಚಾಕಿನ ತುದಿ ಮುರಿಯಿತು."

ನನ್ನ ಅಡಿಗೆಮನೆಯ ಆ ಚಾಕಿನ ತುದಿ ಮುರಿದಿರುವುದು ನಿಜ. ಯಾವಾಗ ಮುರಿಯಿತು ಎಂಬುದು ನನಗೂ ಗೊತ್ತಿಲ್ಲ, ಹರಿಪದನಿಗೂ ಗೊತ್ತಿಲ್ಲ.

ಅವರು ಹಿಂದಕ್ಕೆ ಒರಗಿದರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ಹಂಗಾರ ಹತ್ತಿತ್ತು," ಎಂದರು.

"ಹತ್ತಿತ್ತು ಮಾಸ್ತರೆ."

ಆಯಾ ಚಹಾ ತಂದಿಟ್ಟಳು. ಕೆಳಗೆ ಲೋಕಲ್ ರೈಲು ಹೋದಾಗ ಕಿಟಕಿಯ ಗಾಜು ನಡುಗಿತು. ನಾನು ಕಾದೆ. ಪುಸ್ತಕ ಅವರ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ಅವರು ಅದರ ಕಡೆ ನೋಡಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದು ನಾನೇ ಅದನ್ನು ಎತ್ತಿ ಅವರ ತೊಡೆಯ ಮೇಲಿಟ್ಟೆ.

"ಬರ್ಕೊಳ್ಳಿ. ನಿಮ್ಮ ಆಫೀಸಿನ ಆ ಹುಡುಗನಿಗೂ ತಿಳಿಸ್ಲಿಕ್ಕುಂಟಲ್ಲ."

ಅವರು ನನ್ನ ಮುಖವನ್ನು ನೋಡಿದರು. ಅಂದು ಇಡ್ಲಿಯ ಹೋಳನ್ನು ಟಾರ್ಚು ಬಿಟ್ಟು ನೋಡಿದ ಹಾಗೆ, ನಡುವಿನವರೆಗೂ ನೋಡಿದರು. ಸಿಟ್ಟಿರಲಿಲ್ಲ.

"ಇರ್ಲಿ ಬಿಡ್ರಿ, ಅಕ್ಕಾರ," ಎಂದರು. "ಚಾ ಆರತೈತಿ, ಕುಡೀರಿ."

ಪುಸ್ತಕದ ಮೇಲೆ ಅಂಗೈ ಇಟ್ಟರು. ನಾನು ಚಹಾ ಕುಡಿದು, ಲೋಟ ತೊಳೆದಿಟ್ಟು ಏಳುವವರೆಗೂ ಆ ಅಂಗೈ ಅಲ್ಲೇ ಇತ್ತು.